ಮರದ ನೆಲ ಹಾಕಿಸಲು ಎಷ್ಟು ಖರ್ಚಾಗುತ್ತದೆ? ಚದರಡಿ ದರ ಹೇಳದ ಲೆಕ್ಕ

ಮನೆಗೆ ಮರದ ನೆಲ ಹಾಕಿಸಬೇಕೆಂದು ವಿಚಾರಿಸಿದರೆ ಮೊದಲು ಸಿಗುವ ಉತ್ತರ ಚದರಡಿ ದರ. ಅದನ್ನು ಕೋಣೆಯ ವಿಸ್ತೀರ್ಣದಿಂದ ಗುಣಿಸಿ ಬಜೆಟ್ ಹಾಕಿಕೊಳ್ಳುವವರೇ ಹೆಚ್ಚು. ಆದರೆ ಆ ದರ ಯಾವ ವಸ್ತುವಿನದ್ದು, ಅದರಲ್ಲಿ ಏನೇನು ಸೇರಿಲ್ಲ ಎಂದು ಕೇಳದಿದ್ದರೆ ಲೆಕ್ಕ ಅರ್ಧದಲ್ಲೇ ತಪ್ಪುತ್ತದೆ.

‘ವುಡನ್ ಫ್ಲೋರಿಂಗ್’ ಎಂಬ ಒಂದೇ ಹೆಸರಿನಲ್ಲಿ ಮೂರು ವಸ್ತುಗಳು ಮಾರಾಟವಾಗುತ್ತವೆ. ಅಗ್ಗದ್ದು ಲ್ಯಾಮಿನೇಟ್. ಇದು ಮರದ ನಾರನ್ನು ಒತ್ತಿ ಮಾಡಿದ ಹಲಗೆ. ಮೇಲೆ ಕಾಣುವುದು ಮರವಲ್ಲ, ಮರದ ಚಿತ್ರ ಮುದ್ರಿಸಿದ ಕಾಗದ ಮತ್ತು ಅದನ್ನು ಕಾಯುವ ಪಾರದರ್ಶಕ ಪದರ. ಎರಡನೆಯದು ಎಂಜಿನಿಯರ್ಡ್ ವುಡ್, ಅಂದರೆ ಪ್ಲೈವುಡ್‌ನಂಥ ತಳದ ಮೇಲೆ ಅಸಲಿ ಮರದ ತೆಳು ಪದರ. ಮೂರನೆಯದು ಪೂರ್ತಿ ಮರದ ಹಲಗೆ, ದಪ್ಪ ಸುಮಾರು 18 ಮಿ.ಮೀ. ಪೂರ್ತಿ ಮರವನ್ನು ಹಲವು ಬಾರಿ ಉಜ್ಜಿ ಹೊಸದಾಗಿ ಪಾಲಿಶ್ ಮಾಡಬಹುದು. ಎಂಜಿನಿಯರ್ಡ್‌ನಲ್ಲಿ ಮೇಲ್ಪದರ 3–4 ಮಿ.ಮೀ. ಇದ್ದರೆ ಒಂದೆರಡು ಬಾರಿ ಸಾಧ್ಯ. ಲ್ಯಾಮಿನೇಟ್ ಸವೆದರೆ ಕಿತ್ತು ಹೊಸದು ಹಾಕುವುದೊಂದೇ ದಾರಿ.

ಹಾರ್ಡ್‌ವುಡ್ ಎಂದರೆ ಗಟ್ಟಿ ಮರವೇ?

ಅಲ್ಲ. ಅದು ಹೂಬಿಡುವ ಮರಗಳಿಗೆ ಇಟ್ಟ ಹೆಸರು. ಆಟಿಕೆ ವಿಮಾನ ಮಾಡುವ ಹಗುರ ಬಾಲ್ಸಾ ಕೂಡ ಈ ಲೆಕ್ಕದಲ್ಲಿ ಹಾರ್ಡ್‌ವುಡ್! ನಾವು ನಂಬಿರುವ ತೇಗವೂ ಅತಿ ಗಟ್ಟಿಯೇನಲ್ಲ. ಮರದೊಳಗೆ ಉಕ್ಕಿನ ಗುಂಡನ್ನು ಒತ್ತಿ ಗಡಸುತನ ಅಳೆಯುವ ಜಾಂಕಾ ಪರೀಕ್ಷೆಯಲ್ಲಿ ರೆಡ್ ಓಕ್ ತೇಗಕ್ಕಿಂತ ಮುಂದಿದೆ. ತೇಗದ ಹೆಸರು ಬಂದಿರುವುದು ಅದರ ಎಣ್ಣೆಯಂಶದಿಂದ. ಗೆದ್ದಲು, ತೇವಗಳನ್ನು ಅದು ಚೆನ್ನಾಗಿ ತಡೆಯುತ್ತದೆ. ಕುರ್ಚಿ ಎಳೆದಾಡುವ ಹಾಲ್‌ಗೆ ಗಟ್ಟಿತನಕ್ಕಾಗಿ ಎಂದು ತೇಗಕ್ಕೆ ಹೆಚ್ಚು ಹಣ ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಈಗ ಲೆಕ್ಕ. 12×15 ಅಡಿಯ ಕೋಣೆ 180 ಚದರಡಿ. ಕತ್ತರಿಸುವಾಗ ವ್ಯರ್ಥವಾಗುವುದಕ್ಕೆ 10% ಸೇರಿಸಿದರೆ 198. ದರ 400 ರೂಪಾಯಿ ಎಂದಿಟ್ಟುಕೊಂಡರೆ 72,000 ಅಲ್ಲ, 79,200 ರೂಪಾಯಿ. ಹಲಗೆಗಳನ್ನು ಓರೆಯಾಗಿ ಜೋಡಿಸಿದರೆ ವ್ಯರ್ಥ ಇನ್ನೂ ಹೆಚ್ಚು. ಗೋಡೆಯಂಚಿನ ಸ್ಕರ್ಟಿಂಗ್‌ಗೆ ರನ್ನಿಂಗ್ ಅಡಿಯ ಲೆಕ್ಕ ಬೇರೆ. ಈ ಕೋಣೆಗೆ ಬಾಗಿಲು ಬಿಟ್ಟು ಸುಮಾರು 51 ಅಡಿ ಬೇಕು. ಅಡಿಯ ಫೋಮ್ ಶೀಟ್, ಕೂಲಿ, ಸಾಗಾಟ, ಜಿಎಸ್‌ಟಿ ದರದಲ್ಲಿ ಸೇರಿವೆಯೇ ಎಂದು ಬರೆಸಿಕೊಳ್ಳಿ. ನೆಲ ಎತ್ತರವಾದ ಮೇಲೆ ಬಾಗಿಲಿನ ಕೆಳಭಾಗ ಕತ್ತರಿಸಬೇಕಾಗಬಹುದು. ಅದು ಬಡಗಿಯ ಖರ್ಚು. ಉಳಿತಾಯಕ್ಕೂ ಒಂದು ದಾರಿಯಿದೆ: ಹಳೆಯ ಟೈಲ್ಸ್ ಗಟ್ಟಿಯಾಗಿ, ಸಮತಟ್ಟಾಗಿ ಇದ್ದರೆ ಒಡೆಯಬೇಕಿಲ್ಲ, ಅದರ ಮೇಲೆಯೇ ಹಾಕಬಹುದು.

ಬಜೆಟ್ ಕೆಡಿಸುವ ಮುಖ್ಯ ಶತ್ರು ತೇವ

ಮರ ಗಾಳಿಯ ತೇವ ಹೀರಿ ಅಗಲಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಅದಕ್ಕೇ ಗೋಡೆಯ ಸುತ್ತ 8–10 ಮಿ.ಮೀ. ಸಂದು ಬಿಡುತ್ತಾರೆ, ಬಿಡದಿದ್ದರೆ ಹಲಗೆ ಉಬ್ಬಿ ಮೇಲೇಳುತ್ತದೆ. ಮಂಗಳೂರು, ಉಡುಪಿಯ ಮಳೆಗಾಲಕ್ಕೆ ಪೂರ್ತಿ ಮರಕ್ಕಿಂತ ಎಂಜಿನಿಯರ್ಡ್ ವಾಸಿ. ಅದರ ತಳದ ಪದರಗಳು ಅಡ್ಡಡ್ಡ ಅಂಟಿರುವುದರಿಂದ ಹಿಗ್ಗುವುದು ಕಡಿಮೆ.

ಹೊಸ ಮನೆಯಲ್ಲಿ ಅಪಾಯ ಕೆಳಗಿನಿಂದ ಬರುತ್ತದೆ. ಕಾಂಕ್ರೀಟ್ ಒಣಗಲು ಇಂಚಿಗೆ ಸುಮಾರು ಒಂದು ತಿಂಗಳು ಎಂಬುದು ಈ ಕೆಲಸದವರ ಅಂದಾಜು. ಗೃಹಪ್ರವೇಶದ ಮುಹೂರ್ತ ಹತ್ತಿರವಾಯಿತೆಂದು ಹಸಿ ನೆಲದ ಮೇಲೆ ಹಲಗೆ ಹಾಕಿಸಿದರೆ ಇಡೀ ಖರ್ಚು ಎರಡನೇ ಸಲ ಮಾಡಬೇಕಾದೀತು. ಒಂದು ಪಾಲಿಥೀನ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ ಒಂದು ದಿನ ಬಿಡಿ. ಕೆಳಗೆ ನೀರಿನ ಹನಿ ಕಂಡರೆ ಅಥವಾ ಕಾಂಕ್ರೀಟ್ ಕಪ್ಪಾಗಿದ್ದರೆ ಕೆಲಸ ಮುಂದೂಡಿ. ಹನಿ ಕಾಣದಿದ್ದರೂ ಹಲಗೆ ಹಾಕುವವರು ತೇವಮಾಪಕದಿಂದ ಅಳೆಯಲಿ.

ಬಕೆಟ್ ನೀರು ಹಾಕಿ ನೆಲ ತೊಳೆಯುವ ರೂಢಿಯಿದ್ದರೆ ಅಡುಗೆಮನೆ, ದೇವರಕೋಣೆಗಳನ್ನು ಈ ಲೆಕ್ಕದಿಂದ ಹೊರಗಿಡಿ. ಅಲ್ಲಿ ಉಳಿದ ಹಣದಲ್ಲಿ ಅದೇ ಬ್ಯಾಚಿನ ಒಂದು ಬಾಕ್ಸ್ ಹೆಚ್ಚಿಗೆ ತೆಗೆದಿಡಿ. ಐದು ವರ್ಷದ ನಂತರ ಒಂದು ಹಲಗೆ ಹಾಳಾದರೆ ಅದೇ ಬಣ್ಣದ್ದು ಅಂಗಡಿಯಲ್ಲಿ ಸಿಗುವುದು ಕಷ್ಟ.