ಸೊನ್ನೆ ಅಂದ್ರೆ ಎಲ್ಲ ಸರಿ ಅಂತಲ್ಲ

ಶುಕ್ರವಾರ ಸಂಜೆ ಓಡಿಸಿಟ್ಟು ಹೋದ ಜಾಬ್ ಸೋಮವಾರ ಬಂದು ನೋಡಿದ್ರೆ ಅರ್ಧಕ್ಕೇ ನಿಂತಿದೆ. ಈ ಸಂಕಟ ನಮಗೆಲ್ಲ ಗೊತ್ತು. 1947ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಗಣಿತಜ್ಞ ರಿಚರ್ಡ್ ಹ್ಯಾಮಿಂಗ್ ಅವರಿಗೂ ಹೀಗೇ ಆಯ್ತು, ಅದೂ ಸತತ ಎರಡು ವಾರ. ಅದು ರಿಲೇಗಳ ಕಂಪ್ಯೂಟರ್. ತಪ್ಪು ಕಂಡರೆ ಉಳಿದ ದಿನ ಆಪರೇಟರ್‌ಗಳು ಬಂದು ಸರಿಮಾಡುತ್ತಿದ್ದರು. ವಾರಾಂತ್ಯದಲ್ಲಿ ಯಾರೂ ಇಲ್ಲದ್ದರಿಂದ ಯಂತ್ರ ಆ ಲೆಕ್ಕವನ್ನೇ ಕೈಬಿಟ್ಟು ಮುಂದಕ್ಕೆ ಹೋಗುತ್ತಿತ್ತು. ತಪ್ಪಾಗಿದೆ ಅಂತ ಗೊತ್ತಾಗುವ ಯಂತ್ರಕ್ಕೆ, ಎಲ್ಲಿ ತಪ್ಪಾಗಿದೆ ಅಂತ ಯಾಕೆ ಗೊತ್ತಾಗಬಾರದು?

ಉತ್ತರ 1950ರ ಅವರ ಪ್ರಬಂಧದಲ್ಲಿದೆ. ನಾಲ್ಕು ಬಿಟ್‌ಗೆ ಮೂರು ಕಾವಲು ಬಿಟ್. ಒಂದೊಂದು ಕಾವಲೂ ಬೇರೆ ಬೇರೆ ಗುಂಪಿನ ಲೆಕ್ಕ ಇಡುತ್ತೆ. ಯಾವ ಗುಂಪುಗಳ ಲೆಕ್ಕ ತಾಳೆಯಾಗಲಿಲ್ಲ ಅಂತ ನೋಡಿದರೆ ಕೆಟ್ಟ ಬಿಟ್‌ನ ಜಾಗ ಸಿಗುತ್ತೆ. ಇರೋದೇ 0 ಇಲ್ಲವೇ 1. ಜಾಗ ಸಿಕ್ಕರೆ ತಿರುಗಿಸಿದರಾಯ್ತು. ಇವತ್ತಿನ ಸರ್ವರ್‌ಗಳ ಇಸಿಸಿ ಮೆಮೊರಿ ಇದೇ ವಂಶದ್ದು. ಸಾಮಾನ್ಯವಾಗಿ 64 ಬಿಟ್‌ಗೆ 8 ಕಾವಲು. ಒಂದು ಬಿಟ್ ಕೆಟ್ಟರೆ ತಿದ್ದುತ್ತೆ, ಎರಡು ಕೆಟ್ಟರೆ ಕೂಗಿ ಹೇಳುತ್ತೆ.

ಬಿಟ್ ತಾನಾಗೇ ಯಾಕೆ ಕೆಡುತ್ತೆ? 1978ರಲ್ಲಿ ಇಂಟೆಲ್‌ನ ತಿಮೋತಿ ಮೇ ಮತ್ತು ಮರ್ರೆ ವುಡ್ಸ್ ಒಂದು ಕಾರಣ ತೋರಿಸಿದರು. ಚಿಪ್‌ನ ಹೊದಿಕೆಯಲ್ಲೇ ಯುರೇನಿಯಂ, ಥೋರಿಯಂನ ಸಣ್ಣ ಅಂಶ ಇತ್ತು. ಅದರಿಂದ ಹೊರಟ ಆಲ್ಫಾ ಕಣ ಬಿಟ್ ತಿರುಗಿಸುತ್ತಿತ್ತು. ಖಚಿತ ಮಾಡಿಕೊಳ್ಳಲು ಅವರು ಬೇಕಂತಲೇ ಆಲ್ಫಾ ಕಣ ಹೊಮ್ಮಿಸುವ ವಸ್ತುವನ್ನು ಚಿಪ್ ಮೇಲೆ ಪ್ರಯೋಗಿಸಿದರು.

2003ರಲ್ಲಿ ಬೆಲ್ಜಿಯಂನ ಸ್ಖಾರ್‌ಬೇಕ್‌ನಲ್ಲಿ ಒಬ್ಬ ಅಭ್ಯರ್ಥಿಗೆ 4096 ವೋಟು ಜಾಸ್ತಿ ಬಂತು. ಅಂದರೆ 13ನೇ ಬಿಟ್ ಒಂದೇ ತಿರುಗಿದಷ್ಟು. ಬರಲು ಸಾಧ್ಯವೇ ಇಲ್ಲದಷ್ಟು ವೋಟು ಇದ್ದದ್ದಕ್ಕೆ ಸಿಕ್ಕಿಬಿತ್ತು. ಜಾಸ್ತಿ ಬಂದದ್ದು ನಾಲ್ಕೇ ವೋಟಾಗಿದ್ದರೆ?

ನಮ್ಮ ಸರ್ವರ್‌ನಲ್ಲಿ ಇಸಿಸಿ ಇದೆ, ಲಾಗ್‌ನಲ್ಲಿ ತಪ್ಪಿನ ಲೆಕ್ಕ 0 ಇದೆ ಅಂತ ನಾವು ನೆಮ್ಮದಿಯಾಗಿರ್ತೀವಿ. ಆದರೆ ಆ ಸೊನ್ನೆಗೆ ಎರಡು ಅರ್ಥ: ತಪ್ಪೇ ಆಗಿಲ್ಲ, ಅಥವಾ ನೋಡೋರೇ ಇಲ್ಲ. ಇಸಿಸಿ ಮಾಡ್ಯೂಲ್ ಹಾಕಿದ್ದರೂ ಬಯಾಸ್‌ನಲ್ಲಿ ಅದು ಆಫ್ ಆಗಿರಬಹುದು. ಅದಕ್ಕೇ ಕೆಲವು ಹಾರ್ಡ್‌ವೇರ್‌ಗಳಲ್ಲಿ ಬೇಕಂತಲೇ ತಪ್ಪು ತೂರಿಸುವ ಸೌಲಭ್ಯ ಇದೆ. ಒಂದು ಬಿಟ್ ಕೆಡಿಸಿ, ಲಾಗ್‌ನ ಸೊನ್ನೆ ಒಂದಾಗುತ್ತಾ ನೋಡಿ. ಆಗದಿದ್ದರೆ ನಮ್ಮ ಕಾವಲುಗಾರ ನಿದ್ದೆ ಮಾಡ್ತಿದ್ದಾನೆ. ಹ್ಯಾಮಿಂಗ್ ಅವರ ಯಂತ್ರ ಕೆಲಸ ಕೈಬಿಟ್ಟು ತಪ್ಪನ್ನು ತೋರಿಸಿಯಾದರೂ ಕೊಟ್ಟಿತು; ಇವನು ತಪ್ಪು ಉತ್ತರಕ್ಕೇ ಸಹಿ ಹಾಕಿಬಿಡ್ತಾನೆ.