ಹಾಯಿ, ಹಾಯುವುದು, ಹಾಯಿಸುವುದು

ಮಂಡ್ಯದ ವಿ.ಸಿ. ಫಾರಂ ಸುತ್ತಮುತ್ತ ‘ಹಾಯ್’ ಎಂದ ಕೂಡಲೇ ನೆನಪಾಗುವುದು ನೀರು. ‘ಕಬ್ಬಿಗೆ ನೀರು ಹಾಯಿಸ್ಬುಟ್ಟು ಬತ್ತೀನಿ ಕಣಣ್ಣ’ ಎಂದು ಹೆಗಲಿಗೆ ಗುದ್ದಲಿ ಏರಿಸಿ ಹೊರಟವರಿಗೆ ಕಡಲಿನ ಗೊಡವೆ ಇಲ್ಲ. ಫಾರಮ್ಮಿನ ಹೆಸರಲ್ಲೇ ನಾಲೆ ಇದೆ: ವಿ.ಸಿ. ಎಂದರೆ ವಿಶ್ವೇಶ್ವರಯ್ಯ ಕೆನಾಲ್, ಹಿಂದಿನ ಇರ್ವಿನ್ ನಾಲೆ. ಕನ್ನಂಬಾಡಿಯಿಂದ ಬಂದ ನೀರು ತೂಬು ದಾಟಿ ಗದ್ದೆಯ ಬದುವಿಗೆ ಬಂದು ತಡೆಯುತ್ತದೆ. ಬದುವನ್ನು ಒಂದು ಗುದ್ದಲಿಯಗಲ ಕಡಿದರೆ ಆಚೆಗೆ ಹಾಯುತ್ತದೆ. ಅದೇ ಹೆಂಟೆಯನ್ನು ಕಾಲಲ್ಲಿ ಮೆಟ್ಟಿ ಮುಚ್ಚಿದರೆ ಸುಮ್ಮನಾಗುತ್ತದೆ.

ಹಾಯ್ ಎಂದರೆ ದಾಟು, ನುಗ್ಗು. ಹೊಳೆ ಹಾಯುತ್ತೇವೆ, ಹಬ್ಬದಲ್ಲಿ ಕೊಂಡ ಹಾಯುತ್ತೇವೆ. ‘ಹತ್ರ ಹೋಗ್ಬೇಡ ಮಗ, ಹಾಯ್ತದೆ’ ಎಂದರೆ ಎತ್ತು ಕೊಂಬು ಬೀಸುತ್ತದೆ ಎಂದು ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟು ಮೈತುಂಬಿಕೊಂಡ ಕ್ರಿಯಾಪದದ ಪಕ್ಕ ಹಡಗಿನ ‘ಹಾಯಿ’ ನಮ್ಮ ಸೀಮೆಯಲ್ಲಿ ಬಡಕಲು. ‘ಹಾಯಿದೋಣಿ’ ಎಂದು ಪುಸ್ತಕದಲ್ಲಿ ಓದಿದ್ದುಂಟು, ಅಷ್ಟೆ.

ಆ ಬಡಕಲು ಪದಕ್ಕೆ ಈಚೆಗೆ ಜೀವ ಬಂದದ್ದು ಕಾರವಾರದಲ್ಲಿ. 2025ರ ಮೇ 21ರಂದು ಅಲ್ಲಿನ ನೌಕಾನೆಲೆಯಲ್ಲಿ ‘ಕೌಂಡಿನ್ಯ’ ಎಂಬ ಹಾಯಿಹಡಗು ನೌಕಾಪಡೆಗೆ ಸೇರಿತು. ಅಜಂತಾದ ಐದನೆಯ ಶತಮಾನದ ಚಿತ್ರವೊಂದನ್ನು ನೋಡಿ ಕಟ್ಟಿದ ಹಡಗು. ಹಲಗೆಗಳನ್ನು ಮೊಳೆ ಹೊಡೆದು ಕೂಡಿಸಿಲ್ಲ. ಅಂಚಿಗೆ ತೂತು ಕೊರೆದು ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದು, ಸಂದಿಗೆ ಮರದ ಅಂಟು ತುಂಬಿದ್ದಾರೆ. ಕೇರಳದ ಬಡಗಿಗಳ ಕೈಚಳಕ, ಕೆಲಸ ನಡೆದದ್ದು ಗೋವೆಯಲ್ಲಿ. ಇಂಜಿನಿನ ಹಡಗುಗಳ ನಡುವೆ ಅದು ನಿಂತಿರುವ ಚಿತ್ರ ಎಷ್ಟು ನೋಡಿದರೂ ಸಾಲದು. ಚೌಕನೆಯ ಹಾಯಿಗಳ ಮೇಲೆ ಸೂರ್ಯನ ಜೊತೆ ಇರುವುದು ಗಂಡಭೇರುಂಡ! ಮೈಸೂರರಸರ ಕಾಲದಿಂದ ನಮಗೆ ಪರಿಚಯದ, ಇಂದಿಗೂ ರಾಜ್ಯದ ಲಾಂಛನದಲ್ಲಿರುವ ಆ ಎರಡು ತಲೆಯ ಹಕ್ಕಿ ಗಾಳಿ ತುಂಬಿಕೊಂಡು ಉಬ್ಬುವುದನ್ನು ಕಂಡರೆ ಮಂಡ್ಯದವರಿಗೂ ಅದು ನಮ್ಮದೇ ಅನ್ನಿಸದಿರದು. ಅದೇ ವರ್ಷ ಡಿಸೆಂಬರ್ 29ರಂದು ಪೋರಬಂದರಿನಿಂದ ಮಸ್ಕತ್ತಿಗೂ ಹೊರಟಿತು.

ನೀರು ಹಾಯುವುದೂ ಹಡಗಿನ ಹಾಯಿಯೂ ಒಂದೇ ಬೇರಿನವು ಎನ್ನಲು ಆಸೆಯಾಗುತ್ತದೆ. ನಿಘಂಟುಕಾರರು ಒಪ್ಪುವುದಿಲ್ಲ. ತಮಿಳಿನಲ್ಲಿ ‘ಪಾಯ್’ ಎಂದರೆ ಚಾಪೆಯೂ ಹೌದು, ಹಡಗಿನ ಪಟವೂ ಹೌದು. ಪಾಲು ಹಾಲಾದಂತೆ ಅದು ನಮ್ಮಲ್ಲಿ ಹಾಯಿ. ಅಂದರೆ ಹಾಯಿಯ ನೆಂಟಸ್ತನ ಚಾಪೆಯ ಜೊತೆ. ದಾಟುವ ‘ಹಾಯ್’ ಬೇರೆ ಮನೆಯದು. ನನಗಂತೂ ಈ ಚಾಪೆಯ ಕತೆಯೇ ಹೆಚ್ಚು ರುಚಿಸಿತು. ಮಲಗುವ ಚಾಪೆಯನ್ನು ಎತ್ತಿ ಗಾಳಿಗೆ ಕಟ್ಟಿದವನ ಧೈರ್ಯ ಸಾಮಾನ್ಯದ್ದೇ?

ಹಡಗಿನ ಹಾಯಿ ನಮಗೆ ದೂರವಾದರೂ, ಕಡಲು ಹಾದು ಬಂದದ್ದು ನಮ್ಮ ಊಟದ ತಟ್ಟೆಯಲ್ಲೇ ಇದೆ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಸೀಮೆ. ಇದೇ ವಿ.ಸಿ. ಫಾರಮ್ಮಿನಲ್ಲಿ ರಾಗಿ ಲಕ್ಷ್ಮಣಯ್ಯನವರು ಆಫ್ರಿಕಾದ ತಳಿಯನ್ನು ನಮ್ಮ ತಳಿಗೆ ಕೂಡಿಸಿ ಇಂಡಾಫ್ ರಾಗಿ ಕೊಟ್ಟರು. ಇಂಡಿಯಾ, ಆಫ್ರಿಕಾ ಎರಡೂ ಆ ಹೆಸರಲ್ಲಿ ಸೇರಿವೆ. ಕಡಲು ಕಾಣದ ಊರಿನವರೆಂದು ನಾವು ಹಿಂಜರಿಯಬೇಕಾಗಿಲ್ಲ.

ಪತ್ರಿಕೆಯವರಿಗೆ ಒಂದು ಕೋರಿಕೆ. ‘ಸೇಲಿಂಗ್ ಶಿಪ್’ ಎಂದು ಬರೆಯುವ ಕಡೆಯೆಲ್ಲ ಹಾಯಿಹಡಗು ಎಂದೇ ಬರೆಯಿರಿ. ಓದುಗರೂ ನಿಮ್ಮೂರಲ್ಲಿ ‘ಹಾಯ್’ಗೆ ಬೇರೆ ಬಳಕೆ ಇದ್ದರೆ ಒಂದು ಕಾಗದ ಹಾಕಿ.