ಬಿಡಿಸಿ ತಂದವಳ ಮಾತು ಕೇಳಿದವರಾರು?

ಉರ್ದು ಕಥೆಗಾರ ರಾಜಿಂದರ್ ಸಿಂಗ್ ಬೇಡಿಯವರ ‘ಲಾಜವಂತಿ’ಯಲ್ಲಿ ಸುಂದರಲಾಲ್ ಎಂಬಾತ ಬರುತ್ತಾನೆ. ದೇಶ ವಿಭಜನೆಯ ಗಲಭೆಯಲ್ಲಿ ಅವನ ಹೆಂಡತಿಯ ಅಪಹರಣವಾಗಿರುತ್ತದೆ. ಇಂತಹ ಹೆಂಗಸರನ್ನು ಮನೆ ತುಂಬಿಸಿಕೊಳ್ಳಿ ಎಂದು ಬೀದಿಯಲ್ಲಿ ಸಾರುವ ಆತ, ಹೆಂಡತಿ ಮರಳಿದಾಗ ಅವಳನ್ನು ದೇವಿಯೆಂದೇ ಕರೆಯುತ್ತಾನೆ. ಆದರೆ ಅವಳು ತನ್ನ ಕಥೆ ಹೇಳಲು ಬಾಯಿ ತೆರೆದರೆ ಕೇಳಲೊಲ್ಲ.

ಈ ಕಥೆಯ ಹಿಂದೆ ಒಂದು ಚರಿತ್ರೆಯಿದೆ. ಅಪಹೃತ ಸ್ತ್ರೀಯರನ್ನು ಬಿಡಿಸಿ ತರಲು ಸ್ವತಂತ್ರ ಭಾರತದ ಸರಕಾರ ಕೈಗೊಂಡ ಮೊದಲ ದೊಡ್ಡ ಕಾರ್ಯಾಚರಣೆಯ ಚರಿತ್ರೆ ಅದು.

1947ರಲ್ಲಿ ಪಂಜಾಬಿನ ಎರಡೂ ಭಾಗಗಳಲ್ಲಿ ಹೆಣ್ಣುಮಕ್ಕಳನ್ನು ಹೊತ್ತೊಯ್ದರು. ಈ ಪಾಪದಲ್ಲಿ ಹಿಂದೂ, ಮುಸ್ಲಿಮ್, ಸಿಖ್ ಎಂಬ ಭೇದವಿರಲಿಲ್ಲ. ಕೆಲವರನ್ನು ಮನೆಯಲ್ಲಿಟ್ಟುಕೊಂಡರು, ಕೆಲವರನ್ನು ಮಾರಿದರು. ಕೈಯಿಂದ ಕೈಗೆ ದಾಟಿದವರೂ ಇದ್ದರು. ಅದೇ ಗಲಭೆಯಲ್ಲಿ ಪತಿಯನ್ನು ಕಳೆದುಕೊಂಡ ಅನೀಸ್ ಕಿದ್ವಾಯಿಯವರು ಗಾಂಧೀಜಿಯ ಮಾತಿನಂತೆ ದೆಹಲಿಯ ನಿರಾಶ್ರಿತರ ಶಿಬಿರಗಳಲ್ಲಿ ದುಡಿದು, ಕಂಡದ್ದನ್ನು ಉರ್ದುವಿನಲ್ಲಿ ಬರೆದಿಟ್ಟಿದ್ದಾರೆ.

ಭಾರತದಲ್ಲಿ 50,000 ಮುಸ್ಲಿಮ್ ಮಹಿಳೆಯರು, ಪಾಕಿಸ್ತಾನದಲ್ಲಿ 33,000 ಹಿಂದೂ ಮತ್ತು ಸಿಖ್ ಮಹಿಳೆಯರು ಹೀಗೆ ಸಿಕ್ಕಿಬಿದ್ದಿದ್ದರೆಂಬುದು ಸರಕಾರಿ ಅಂದಾಜು. 1947ರ ಡಿಸೆಂಬರ್ 6ರಂದು ಎರಡೂ ದೇಶಗಳು ಲಾಹೋರಿನಲ್ಲಿ ಒಪ್ಪಂದಕ್ಕೆ ಬಂದವು. ಭಾರತದಲ್ಲಿ ಮೃದುಲಾ ಸಾರಾಭಾಯಿಯವರ ನೇತೃತ್ವದಲ್ಲಿ ಸಮಾಜ ಸೇವಕಿಯರು ಪೊಲೀಸರೊಡನೆ ಹಳ್ಳಿಹಳ್ಳಿ ಅಲೆದರು. ಜಲಂಧರ, ಲಾಹೋರ್‌ಗಳಲ್ಲಿ ಶಿಬಿರಗಳು ತೆರೆದವು. ಮರಳಿದವರನ್ನು ಸ್ವೀಕರಿಸುವಂತೆ ಗಾಂಧೀಜಿ, ನೆಹರೂ ಕುಟುಂಬಗಳನ್ನು ಬೇಡಿಕೊಂಡರು. 1957ರ ಹೊತ್ತಿಗೆ ಎರಡೂ ಕಡೆ ಸೇರಿ ಸುಮಾರು 30,000 ಮಂದಿಯನ್ನು ಬಿಡಿಸಲಾಯಿತು. ಅವರಲ್ಲಿ 20,000ಕ್ಕೂ ಹೆಚ್ಚು ಮಂದಿ ಭಾರತದಲ್ಲಿ ಪತ್ತೆಯಾದ ಮುಸ್ಲಿಮ್ ಮಹಿಳೆಯರು. ಯಾರಾದರೂ ಬಂದಾರೆಂದು ದಾರಿ ಕಾಯುತ್ತಿದ್ದವರ ಪಾಲಿಗೆ ಇದು ಮರುಜನ್ಮವೇ ಸರಿ. ಆ ಸರಕಾರದ ಈ ಋಣವನ್ನು ಮರೆಯಲಾಗದು.

ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. 1949ರ ನವೆಂಬರ್‌ನಲ್ಲಿ ಅಂಗೀಕಾರವಾದ ನಮ್ಮ ಸಂವಿಧಾನ ತನ್ನ 23ನೇ ವಿಧಿಯಲ್ಲಿ ಮಾನವ ವ್ಯಾಪಾರವನ್ನು ನಿಷೇಧಿಸಿತು. ಮರುತಿಂಗಳೇ ಅಪಹೃತ ವ್ಯಕ್ತಿಗಳ ವಿಮೋಚನೆಯ ಕಾಯ್ದೆ ಬಂತು. ಅದರ ಪ್ರಕಾರ ಪೊಲೀಸರು ವಾರಂಟ್ ಇಲ್ಲದೆ ಹೆಂಗಸನ್ನು ವಶಕ್ಕೆ ಪಡೆಯಬಹುದಿತ್ತು. ಆಕೆ ಅಪಹೃತೆ ಹೌದೋ ಅಲ್ಲವೋ ಎಂಬ ವಿವಾದವೆದ್ದರೆ ಸರಕಾರ ನೇಮಿಸಿದ ಮಂಡಳಿಯೇ ತೀರ್ಮಾನಿಸುತ್ತಿತ್ತು. ಶಿಬಿರದಲ್ಲಿ ಇರಿಸಿಕೊಂಡದ್ದನ್ನು ಯಾವ ನ್ಯಾಯಾಲಯದಲ್ಲೂ ಪ್ರಶ್ನಿಸುವಂತಿರಲಿಲ್ಲ. ಅವಳ ವಯಸ್ಸು ಎಷ್ಟೇ ಇರಲಿ, ಇಚ್ಛೆ ಲೆಕ್ಕಕ್ಕಿರಲಿಲ್ಲ.

ಅಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ಕೆಲವರಿಗೆ ಮಕ್ಕಳಾಗಿದ್ದವು. ತವರಿನವರು ಸೇರಿಸಿಕೊಳ್ಳುವರೇ ಎಂಬ ಭಯ ಹಲವರಲ್ಲಿತ್ತು. ಒಮ್ಮೆ ಬಲವಂತಕ್ಕೆ ಒಳಗಾದವಳನ್ನು ಮತ್ತೊಮ್ಮೆ ಬಲವಂತವಾಗಿ ಕಳುಹಿಸುವುದೇ? ಸದನದಲ್ಲಿ ಠಾಕೂರ್ ದಾಸ್ ಭಾರ್ಗವರಂಥವರು ಆಕ್ಷೇಪವೆತ್ತಿದರು. ಈ ಕೆಲಸದಲ್ಲೇ ತೊಡಗಿದ್ದ ರಾಮೇಶ್ವರಿ ನೆಹರೂ ಬಲವಂತವನ್ನು ವಿರೋಧಿಸಿ ಹೊರಬಂದರು. ಆದರೂ 1952ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಒಪ್ಪದವರನ್ನು ಗಡಿ ದಾಟಿಸಬಾರದೆಂದು ಎರಡೂ ದೇಶಗಳು ಒಪ್ಪಿದ್ದು 1954ರಲ್ಲಿ. 1957ರ ನವೆಂಬರ್‌ನಲ್ಲಿ ಕಾಯ್ದೆ ಕೊನೆಗೊಂಡಿತು.

ಕಾಯ್ದೆ ಹೋಯಿತು, ಅದರ ಮನೋಭಾವ ಹೋಯಿತೇ? 1958ರಲ್ಲಿ ಜಾರಿಗೆ ಬಂದ ಅನೈತಿಕ ವ್ಯಾಪಾರ ತಡೆ ಕಾಯ್ದೆ ವೇಶ್ಯಾಗೃಹಗಳಿಂದ ಬಿಡಿಸಿದವರಿಗಾಗಿ ರಕ್ಷಣಾ ಗೃಹಗಳನ್ನು ತಂದಿತು. ಮಾರಾಟವಾದ ಎಳೆಯ ಹುಡುಗಿಗೆ ಅಂಥ ಆಸರೆ ಬೇಕೇ ಬೇಕು. ಆದರೆ ಪ್ರಾಯಕ್ಕೆ ಬಂದ ಹೆಂಗಸು ‘ನನ್ನನ್ನು ಬಿಡಿ’ ಎಂದರೆ? 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಈ ಗೃಹಗಳಲ್ಲಿ ಇಚ್ಛೆಗೆ ವಿರುದ್ಧವಾಗಿ ಇರಿಸಲಾದ ವಯಸ್ಕ ಮಹಿಳೆಯರ ಪ್ರಕರಣಗಳನ್ನು ಪರಿಶೀಲಿಸಿ ಬಿಡುಗಡೆಗೆ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಸೂಚಿಸಬೇಕಾಯಿತು. 1949ರಲ್ಲಿ ಸದನದಲ್ಲಿ ಎದ್ದ ಪ್ರಶ್ನೆ 73 ವರ್ಷಗಳ ಬಳಿಕ ಮತ್ತೆ ನ್ಯಾಯಾಲಯದ ಮುಂದೆ ನಿಂತಿತ್ತು.

ಹೆಣ್ಣನ್ನು ಮಾರುವವನು ಅವಳ ಒಪ್ಪಿಗೆ ಕೇಳುವುದಿಲ್ಲ. ಕಾಪಾಡಲು ಬಂದವರೂ ಕೇಳದಿದ್ದರೆ ಅವಳಿಗೆ ಇಬ್ಬರ ನಡುವೆ ವ್ಯತ್ಯಾಸ ತಿಳಿಯುವುದಾದರೂ ಹೇಗೆ? ಲಾಜವಂತಿಗೆ ಬೇಕಿದ್ದುದು ದೇವಿಯ ಪಟ್ಟವಲ್ಲ, ಅವಳ ಮಾತಿಗೊಂದು ಕಿವಿ.